ಹೇಳಿ ಬರೆಸಿದ್ದು

ಬರಕೊಳ್ಳಿ.
ಮೇಲೆ ನಡುವಿಗೆ: ಅಭಿನಂದನಾ ಪತ್ರ. ಅಡಿಗೆರೆ ಎಳೆಯಿರಿ.
ಕೈಬರಹ ಬಳಗ, ದಾವಣಗೆರೆ. ಹತ್ತನೇ ವರ್ಷ.
ಹೊಸ ಸಾಲು.

ನಿನ್ನೆ ರಾತ್ರಿ ಮೊಬೈಲಿಗೆ ಹೇಳಿ ನೋಡಿದೆ.
ಕೊಟ್ರಮ್ಮ ಅಂದರೆ ಕೊಟ್ಟಮ್ಮ ಅಂತ ಬರಕೊಂಡಿತಂತೆ,
ತಂಗಿ ಓದಿ ನಕ್ಕಳು.
ನನಗೇನೋ ಅದೂ ಸರಿಯೇ ಅನ್ನಿಸಿತು,
ಆದರೆ ಚೌಕಟ್ಟು ಹಾಕಿಸುವ ಕಾಗದ, ಹೆಸರು ನೆಟ್ಟಗಿರಬೇಕು.

ಯಾಕೆ, ಪೆನ್ನು ನಿಂತಿತು?

ಹೌದು, ನಿಮಗೇ.
ಯಾರನ್ನಾದರೂ ಕರೆದು ಬರೆಸಪ್ಪ ಅಂದರು ಬಳಗದವರು.
ಉಳಿದವರೆಲ್ಲ ಪಿಯುಸಿ ಪರೀಕ್ಷೆಗೆ ಹಂಚಿಹೋಗಿದ್ದಾರೆ,
ಸಿಕ್ಕವರು ನೀವೊಬ್ಬರೇ.
ಏಳಬೇಡಿ. ನಿಯಮ ನೀವೇ ಹೇಳಿಕೊಟ್ಟದ್ದು:
ಹೇಳಿದ್ದನ್ನು ಬರೆಯಬೇಕು,
ಕೂಡಿಸಬಾರದು, ಕಳೆಯಬಾರದು, ಕೆಮ್ಮಿ ಸುಳಿವು ಕೊಡಬಾರದು.
ಬರೆಯಿರಿ. ಶ್ರೀಮತಿ ಕೊಟ್ರಮ್ಮನವರು. ಅಲ್ಪವಿರಾಮ.

ನಿಸ್ವಾರ್ಥ ಸೇವೆ ಅಂತ ಹಾಕುವುದು ಬೇಡ.
ಆ ಮಾತು ಶಾಲಿನ ಜೊತೆಗೇ ಬರುತ್ತದೆ, ಬೆಲೆ ಚೀಟಿಯ ಹಾಗೆ.
ಹೀಗೆ ಬರೆಯಿರಿ:
ಮಂಡಿಪೇಟೆ ಹಿಂದಿನ ಓಣಿಯಲ್ಲಿ
ಸೀರೆಗೆ ಫಾಲ್ಸು ಹಚ್ಚುವವರು,
ಪರೀಕ್ಷೆಯ ದಿನ ಮಿಷನ್ನಿಗೆ ಬಟ್ಟೆ ಹೊದಿಸಿ ಬರುವವರು,
ಮದುವೆ ಸುಗ್ಗಿಯಲ್ಲೂ,
ಗಿರಾಕಿ ಬಾಗಿಲಲ್ಲಿ ನಿಂತು ಬೈಯುವಾಗಲೂ.
ಓದು ಎಸ್ಸೆಸ್ಸೆಲ್ಸಿಗೆ ನಿಂತದ್ದು.
ನಮಗಿಂತ ಕಡಿಮೆ ಓದಿದವರೇ ನಮಗೆ ಬರೆಯಬೇಕಂತೆ, ಕಾನೂನು.
ಆ ಕಾನೂನಿಗೆ ಸರಿಹೊಂದಿ
ಮೂರು ಬಿ.ಎ., ಒಂದು ಎಂ.ಎ. ಬರೆದು ಮುಗಿಸಿದ ಕೈ,
ಒಂದರ ಮೇಲೂ ತನ್ನ ಹೆಸರಿಲ್ಲ.
ಪೂರ್ಣವಿರಾಮ.

ಇನ್ನೊಂದಿದೆ, ಇದನ್ನು ಬಿಡುವಂತಿಲ್ಲ.
ಮಾರ್ಚ್ ತಿಂಗಳು, ನಮ್ಮಿಬ್ಬರನ್ನೇ ಲ್ಯಾಬಿನಲ್ಲಿ ಕೂರಿಸಿದ್ದರು.
ಆಸಿಡ್ ವಾಸನೆ, ತಿರುಗದ ಫ್ಯಾನು,
ಮೇಲ್ವಿಚಾರಕರ ಗೊರಕೆ.
ದುರ್ಗ ಹೈದರಾಲಿಯ ವಶವಾದ ಇಸವಿ ಯಾವುದು, ಎರಡು ಅಂಕ.
ಸಾವಿರದ ಏಳುನೂರ ತೊಂಬತ್ತೊಂಬತ್ತು ಅಂದೆ,
ಹುಟ್ಟಿದ್ದು ದುರ್ಗದ ಸೀಮೆಯಲ್ಲಿ, ಗತ್ತಿನಿಂದಲೇ ಅಂದೆ.
ನಿಮ್ಮ ಪೆನ್ನು ನಿಂತಿತು.

ನನಗೆ ನಿಮ್ಮ ಮುಖವೆಂದರೆ ಆ ಪೆನ್ನಿನ ಸದ್ದು.
ಒತ್ತಕ್ಷರಕ್ಕೆ ಕೆಳಗಿಳಿದು ಮತ್ತೆ ಮೇಲೆ ಹತ್ತುವುದು,
ಸಾಲು ಮುಗಿದಾಗ ಬಳೆ ಮೇಜಿಗೆ ತಾಗುವುದು.
ಅದು ನಿಂತರೆ ನನಗೆ ಕತ್ತಲು.
ನಿಂತಿತು, ಒಂದು ಉಸಿರಿನಷ್ಟು.
ಆಮೇಲೆ ಬರೆಯಿತು, ನಾನು ಅಂದದ್ದನ್ನೇ.

ಹೊರಗೆ ಬಂದು ಗೊತ್ತಾದಾಗ ಕೂಗಾಡಿದೆ.
ಗೊತ್ತಿದ್ದೂ ಬರೆದಿರಿ, ಹೋದ ವರ್ಷ ಬೇರೆಯವನಿಗೆ
ಸರಿ ಇಸವಿ ಬರೆದ ಕೈ ಇದೇ ಅಲ್ಲವಾ?
ಮಿರ್ಚಿ ಅಂಗಡಿ ಮುಂದೆ, ಜನ ನೋಡುತ್ತಿರಬೇಕು.
ನೀವು ಮಂಡಕ್ಕಿ ಪೊಟ್ಟಣ ಕೈಗಿಟ್ಟು ಅಂದಿರಿ:
ತಪ್ಪು ನಿಂದು ತಿಪ್ಪೇಶಿ. ಅದನ್ನ ನಾ ಕಸಗೊಂಡಿದ್ರೆ
ಪಾಸೂ ನಂದೇ ಆಗ್ತಿತ್ತಲ್ಲೋ.

ಇದನ್ನು ಪೂರ್ತಿ ಬರೆದಿರಾ? ಮಂಡಕ್ಕಿಯನ್ನೂ?
ಅಧ್ಯಕ್ಷರು ಓದುವಾಗ ಆ ಭಾಗ ಹಾರಿಸಬಹುದು,
ಹಾರಿಸಲಿ, ಕಾಗದದಲ್ಲಿ ಇರಲಿ.
ಗೋಡೆ ಗಡಿಯಾರ ಕೊಡುತ್ತಾರಂತೆ, ಹಾರ, ಹಣ್ಣಿನ ಬುಟ್ಟಿ.
ವೇದಿಕೆಯಲ್ಲಿ ಎರಡು ಮಾತಾಡಿ ಅನ್ನುತ್ತಾರೆ.
ಇಷ್ಟು ವರ್ಷ ಬೇರೆಯವರ ಮಾತು ಬರೆದವರಿಗೆ
ಅದೊಂದೇ ಪ್ರಶ್ನೆ ಕಷ್ಟದ್ದು, ನಾನೇನೂ ಹೇಳಿಕೊಡುವುದಿಲ್ಲ.

ಕೊನೆಯ ವಾಕ್ಯ.
ಈ ಹತ್ತು ವರ್ಷದಲ್ಲಿ ಒಟ್ಟು ಅರವತ್ತೊಂದು ಪರೀಕ್ಷೆ

ನಿಂತಿತು.
ಅದೇ ನಿಲುಗಡೆ. ಅಷ್ಟೇ ಉದ್ದ.

ಲೆಕ್ಕ ತಪ್ಪಿದೆ, ಅಲ್ಲವಾ?
ಹೆಚ್ಚಾಯಿತೋ, ಕಡಿಮೆಯಾಯಿತೋ?
ಹೇಳುವುದಿಲ್ಲ ನೀವು. ಹೊರಗೆ ಯಾರೋ
ಸೈಕಲ್ ಸ್ಟ್ಯಾಂಡು ಹಾಕಿದರು, ಅಷ್ಟೇ ಸದ್ದು.

ಆಮೇಲೆ ಪೆನ್ನು ಹೊರಟಿತು. ಅ, ರ, ವ,
ತ್ತ-ಕ್ಕೆ ಕೆಳಗಿಳಿದು, ಹತ್ತಿ,
ಬಳೆ ಮೇಜಿಗೆ ತಾಗಿತು.

ಹಾಗೇ ಇರಲಿ, ಹಾಗೇ ಚೌಕಟ್ಟಿಗೆ ಹೋಗಲಿ.
ತಪ್ಪು ನನ್ನದು, ಗೋಡೆ ನಿಮ್ಮದು.
ಈಗ ಸಹಿ ಎಲ್ಲಿ ಹಾಕಲಿ,
ಕೈ ಹಿಡಿದು ತೋರಿಸಿ.